ತೆಗೆದ ಕೀವು ಎಲ್ಲಿಗೆ ಹೋಯಿತು?

ಎದೆಗೆ ಪೈಪು ಹಾಕುತ್ತಾರೆ ಎಂದರೆ ನಮ್ಮ ಕಡೆಯವರಿಗೆ ಅರ್ಧ ಜೀವ ಅಲ್ಲೇ ಹೋಗುತ್ತದೆ. ಹರ್ನಿಯಾಕ್ಕೆ ಹೊಟ್ಟೆ ಕೊಯ್ಯಿಸಿಕೊಳ್ಳಲು ಒಪ್ಪುವವರು, ಗರ್ಭಕೋಶ ತೆಗೆಸಿಕೊಂಡು ಕೆಲವೇ ವಾರಗಳಲ್ಲಿ ಹಟ್ಟಿಗೆ ಹುಲ್ಲು ಹೊತ್ತು ತರುವವರು ಕೂಡ, ಪಕ್ಕೆಲುಬಿನ ಸಂದಿಯಲ್ಲಿ ಪೆನ್ಸಿಲಿಗಿಂತ ಸಪೂರದ ಕೊಳವೆಯೊಂದು ಎಂದೊಡನೆ "ಬರೆದುಕೊಡುತ್ತೇವೆ, ಡಿಸ್ಚಾರ್ಜ್ ಮಾಡಿ" ಎನ್ನುತ್ತಾರೆ. ಪೈಪು ಹಾಕಿದವರು ಉಳಿಯುವುದಿಲ್ಲ, ಉಳಿದರೂ ಮತ್ತೆ ಭಾರ ಎತ್ತಲಿಕ್ಕಾಗದು ಎಂಬ ಮಾತು ಉಪ್ಪಿನಂಗಡಿಯಿಂದ ಕಡಬದ ತನಕ ಯಾವ ಬಸ್ ಸ್ಟ್ಯಾಂಡಿನಲ್ಲಿ ಕಿವಿಗೊಟ್ಟರೂ ಸಿಗುತ್ತದೆ. ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಆಗಿ ಬದುಕಿನ ಬಹುಪಾಲು ಕಳೆದ ನನಗೆ ಪೈಪಿನ ಭಯವಿಲ್ಲ. ನನ್ನ ಭಯ ಬೇರೆಯದು. ಪೈಪಿನಲ್ಲಿ ಇಳಿದ ಕೀವನ್ನು ಅಳೆದು, ಚಾರ್ಟಿನಲ್ಲಿ ‘300 ಎಂಎಲ್’ ಎಂದು ಬರೆದು, ಸಿಂಕಿಗೆ ಸುರಿದು ನಲ್ಲಿ ತಿರುಗಿಸುತ್ತಾರಲ್ಲ, ಅದು. ರೋಗಿಯ ಕಾಯಿಲೆಯ ಹೆಸರು ಆ ನೀರಿನ ಜತೆಗೇ ಹೋಗಿಬಿಡುತ್ತದೆ.

ಮಂಗಳೂರಿನ ನೌಕರಿ ಮುಗಿಸಿ ರಾಮಕುಂಜದ ಮನೆಗೆ ಬಂದು ಕೂತ ಮೇಲೆ ಊರವರಿಗೆ ನಾನು ಸಿಸ್ಟರಕ್ಕ. ಆತೂರು, ಕೊಯಿಲ, ಆಲಂಕಾರಿನ ಕಡೆಯಿಂದ ಜನ ಜವಳಿ ಅಂಗಡಿಯ ಚೀಲದಲ್ಲಿ ಆಸ್ಪತ್ರೆಯ ಫೈಲು ತುರುಕಿಕೊಂಡು ಬರುತ್ತಾರೆ. ನಾನು ಮದ್ದು ಹೇಳುವುದಿಲ್ಲ. ಫೈಲು ಓದಿ, ಒಳಗೆ ಏನು ಬರೆದಿದೆ ಎಂದು ಕನ್ನಡದಲ್ಲೋ ತುಳುವಿನಲ್ಲೋ ಹೇಳುತ್ತೇನೆ, ಡಾಕ್ಟರಲ್ಲಿ ಏನು ಕೇಳಬೇಕು ಎಂದು ಚೀಟಿಯಲ್ಲಿ ಬರೆದುಕೊಡುತ್ತೇನೆ. ಅಡಕೆ ತೋಟ ನೋಡಿಕೊಂಡು ಉಳಿದ ಹೊತ್ತಿನಲ್ಲಿ ಮಾಡುವ ಈ ಕೆಲಸದಲ್ಲಿ ಸಿಕ್ಕಿದ ಒಂದು ಫೈಲಿನ ಕಥೆ ಹೇಳಬೇಕು.

ನಮ್ಮ ತೋಟದ ಆಚೆ ಬದಿಯವರು. ಐವತ್ತು ದಾಟಿದ ಗಟ್ಟಿ ಆಳು, ಸಕ್ಕರೆ ಕಾಯಿಲೆ ಇದೆ, ಮಾತ್ರೆ ನೆನಪಾದಾಗ ತೆಗೆದುಕೊಳ್ಳುವ ಪೈಕಿ. ಮಳೆಗಾಲ ಹಿಡಿದ ಮೇಲೆ ತೋಟದ ಕಣಿ ಬಿಡಿಸುವುದು, ತೋಡಿಗೆ ಬಿದ್ದ ಸೋಗೆ ಎಳೆಯುವುದು ಎಲ್ಲ ಅವರದೇ, ಅದೂ ಬರಿಗಾಲಿನಲ್ಲಿ. ಆಟಿ ತಿಂಗಳ ನಡುವೆ ಜ್ವರ ಶುರುವಾಯಿತು. ಸಂಜೆಯಾದರೆ ಚಳಿ, ರಾತ್ರಿ ಬೆವರು, ಕೆಮ್ಮು. ಕ್ಲಿನಿಕ್ಕಿನಲ್ಲಿ ಒಂದು ಕೋರ್ಸ್ ಆ್ಯಂಟಿಬಯೋಟಿಕ್ ಆಯಿತು, ಬದಲಾಯಿಸಿ ಇನ್ನೊಂದಾಯಿತು. ಶರ್ಟು ಮೈಮೇಲೆ ಜೋತು ಬೀಳುವಷ್ಟು ತೂಕ ಇಳಿಯಿತು. ಕಫದಲ್ಲಿ ಟಿಬಿ ಇಲ್ಲ ಎಂದು ವರದಿ ಬಂದರೂ ನೆಂಟರಲ್ಲಿ ಅರ್ಧ ಜನ ಟಿಬಿ ಎಂದೇ ತೀರ್ಮಾನ ಮಾಡಿ ಮನೆಗೆ ಬರುವುದನ್ನು ನಿಲ್ಲಿಸಿದ್ದರು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ದುಂಡಗಿನ ಮಸುಕು, ಅದರ ಮಧ್ಯೆ ಸ್ಕೇಲಿಟ್ಟು ಎಳೆದಂತೆ ಅಡ್ಡಗೆರೆ. ಕೆಳಗೆ ಕೀವು, ಮೇಲೆ ಗಾಳಿ ತುಂಬಿದರೆ ಮಾತ್ರ ಹಾಗೆ ಕಾಣುತ್ತದೆ. ಶ್ವಾಸಕೋಶದೊಳಗಿನ ಕುರು ಅದು.

ಒಂದು ಆಸ್ಪತ್ರೆಯಲ್ಲಿ ಸೂಜಿ ಹಾಕಿ ಕೀವು ಎಳೆದರು. ಎರಡು ದಿನ ಜ್ವರ ತಗ್ಗಿತು, ಮತ್ತೆ ಏರಿತು. ಪೈಪು ಹಾಕಬೇಕೆಂದು ಹೇಳಿದ ರಾತ್ರಿ ಅವರ ಹೆಂಡತಿ ನನಗೆ ಫೋನು ಮಾಡಿದರು. "ಅಕ್ಕಾ, ಎದೆಗೆ ಪೈಪ್ ಹಾಕ್ತಾರಂತೆ. ಎಂತ ಮಾಡುದು? ಮನೆಗೆ ಕರ್ಕೊಂಡು ಬರುದಾ?" ಫೈಲು ನನಗೆ ತಂದು ತೋರಿಸಿ, ಆಮೇಲೆ ತೀರ್ಮಾನ ಮಾಡುವ ಎಂದೆ. ಮಗ ಮರುದಿನ ಬೆಳಿಗ್ಗೆ ಬೈಕಿನಲ್ಲಿ ತಂದ. ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ತಿರುವಿದೆ. ಸಕ್ಕರೆಯ ವರದಿ ಇತ್ತು, ಕಿಡ್ನಿಯದ್ದಿತ್ತು, ಡೆಂಗಿಯದ್ದಿತ್ತು, ಇಲಿಜ್ವರದ್ದಿತ್ತು, ಎಚ್‌ಐವಿಯದ್ದೂ ಇತ್ತು. ಸೂಜಿಯಲ್ಲಿ ‘ದಪ್ಪ ಕೀವು’ ಬಂದದ್ದನ್ನು ಒಂದು ಸಾಲಿನಲ್ಲಿ ಬರೆದಿದ್ದರು. ಆ ಕೀವಿನ ವರದಿ ಮಾತ್ರ ಇರಲಿಲ್ಲ. ಎಲ್ಲಿ ಹೋಯಿತು ಎಂದು ಮಗನಲ್ಲಿ ಕೇಳಿದೆ. "ಬಿಸಾಡಿದ್ರು ಕಾಣ್ತದೆ ಅಕ್ಕ, ತುಂಬ ವಾಸನೆ ಇತ್ತು" ಅಂದ.

ಮುಂದಿನದ್ದು ಮಂಗಳೂರಿನಲ್ಲಿ ನಡೆಯಿತು. ಅಲ್ಟ್ರಾಸೌಂಡ್ ನೋಡಿಕೊಂಡು ಎದೆಗೋಡೆಯ ಮೂಲಕ ಪಿಗ್‌ಟೈಲ್ ಎಂಬ ಸಪೂರದ ಕೊಳವೆ ಇಳಿಸಿದರು. ಬಂದ ಕೀವಿನ ಮೊದಲ ಪಾಲು ಲ್ಯಾಬಿಗೆ ಹೋಯಿತು. ಕೆಲವು ದಿನಗಳಲ್ಲಿ ಹೆಸರು ಸಿಕ್ಕಿತು: ಮೆಲಿಯಾಯ್ಡೋಸಿಸ್. ಆ ತನಕ ಅವರ ಹೊಟ್ಟೆಗೂ ನರಕ್ಕೂ ಹೋದ ಮದ್ದುಗಳಲ್ಲಿ ಒಂದಕ್ಕೂ ಆ ರೋಗಾಣು ಬಗ್ಗುವಂಥದ್ದಾಗಿರಲಿಲ್ಲ.

ಈಗ ಪೈಪಿನ ವಿಷಯ. ಹೆದರುವವರಿಗಾಗಿ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. ರೋಗಿಯನ್ನು ಮಂಚದ ಅಂಚಿನಲ್ಲಿ ಕೂರಿಸಿ, ಮುಂದೆ ಮೇಜಿನ ಮೇಲೆ ದಿಂಬಿಟ್ಟು, ಅದನ್ನು ತಬ್ಬಿಕೊಂಡು ಬಗ್ಗಿ ಎನ್ನುತ್ತಾರೆ. ಅಥವಾ ಒಂದು ಮಗ್ಗುಲಿಗೆ ಮಲಗಿಸುತ್ತಾರೆ. ಕುರು ಎದೆಗೋಡೆಗೆ ತಾಗಿಕೊಂಡಿದ್ದರೆ ಅಲ್ಟ್ರಾಸೌಂಡಿನಲ್ಲಿ ಕಾಣುತ್ತದೆ. ನಡುವೆ ಗಾಳಿ ತುಂಬಿದ ಶ್ವಾಸಕೋಶ ಇದ್ದರೆ ಅಲ್ಟ್ರಾಸೌಂಡಿಗೆ ಏನೂ ಕಾಣದು, ಸಿಟಿ ಸ್ಕ್ಯಾನೇ ಬೇಕು. ಚರ್ಮ ಮರಗಟ್ಟಿಸುವ ಲಿಗ್ನೊಕೇನ್ ಚುಚ್ಚುವಾಗ ಒಂದು ಗಳಿಗೆ ಉರಿಯುತ್ತದೆ. ನೋವಿನ ದೊಡ್ಡ ಪಾಲು ಅಲ್ಲಿಗೆ ಮುಗಿಯಿತು. ಸೂಜಿ ಯಾವಾಗಲೂ ಪಕ್ಕೆಲುಬಿನ ಮೇಲಂಚನ್ನು ಸವರಿಕೊಂಡು ಹೋಗಬೇಕು, ಏಕೆಂದರೆ ರಕ್ತನಾಳ ಮತ್ತು ನರ ಪ್ರತಿ ಪಕ್ಕೆಲುಬಿನ ಕೆಳ ಅಂಚಿನಲ್ಲಿ ಹಾದುಹೋಗುತ್ತವೆ. ಸಿರಿಂಜಿಗೆ ಕೀವು ಬಂದೊಡನೆ ಸೂಜಿಯೊಳಗಿಂದ ಒಂದು ತಂತಿ ಇಳಿಸಿ, ಸೂಜಿಯನ್ನು ತೆಗೆದು, ತಂತಿಯ ಮೇಲಿಂದ ದಾರಿ ಅಗಲಿಸಿ, ಅದರ ಮೇಲೆಯೇ ಕೊಳವೆಯನ್ನು ಜಾರಿಸುತ್ತಾರೆ. ಸ್ವೀಡನ್ನಿನ ಸೆಲ್ಡಿಂಗರ್ ಎಂಬ ರೇಡಿಯಾಲಜಿಸ್ಟ್ 1953ರಲ್ಲಿ ರಕ್ತನಾಳಗಳಿಗಾಗಿ ಕಂಡುಹಿಡಿದ ಉಪಾಯ ಇದು. ತಂತಿ ಎಳೆದೊಡನೆ ಒಳಗಿನ ತುದಿ ಸುರುಳಿ ಸುತ್ತಿಕೊಂಡು ಕೂರುತ್ತದೆ, ಸುಲಭದಲ್ಲಿ ಹೊರಗೆ ಬಾರದು. 12 ಫ್ರೆಂಚ್ ಎಂದು ಕರೆಯುವ ಕೊಳವೆಯ ದಪ್ಪ 4 ಮಿಲಿಮೀಟರ್ ಅಷ್ಟೇ. ಚರ್ಮಕ್ಕೆ ಒಂದು ಹೊಲಿಗೆ, ಪ್ಲಾಸ್ಟರ್, ಆಯಿತು. ರೋಗಿ ಎಚ್ಚರವಾಗಿದ್ದು ಮಾತಾಡುತ್ತಲೇ ಇರುತ್ತಾನೆ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಎಲ್ಲಕ್ಕೂ ಬೆರಳು ದಪ್ಪದ ಟ್ಯೂಬೇ. ವಾರ್ಡಿನಲ್ಲಿ ಐಸಿಡಿ (ಎದೆಯ ಪೈಪು) ಎಂದರೆ ಮಂಚದ ಕೆಳಗಿನ ಗಾಜಿನ ಬಾಟ್ಲಿ, ರಬ್ಬರ್ ಬಿರಡೆ, ಬಿರಡೆಯಲ್ಲಿ ಎರಡು ತೂತು. ಎದೆಯಿಂದ ಬಂದ ಕೊಳವೆಯ ತುದಿ ಬಾಟ್ಲಿಯ ನೀರಿನೊಳಗೆ ಎರಡು ಸೆಂಟಿಮೀಟರ್ ಮುಳುಗಿರಬೇಕು. ಉಸಿರೆಳೆದಾಗ ಕೊಳವೆಯ ನೀರು ಮೇಲೇರಬೇಕು, ಬಿಟ್ಟಾಗ ಇಳಿಯಬೇಕು. ಏರಿಳಿತ ನಿಂತಿತೆಂದರೆ ಒಂದೋ ಕೊಳವೆ ಕಟ್ಟಿದೆ, ಇಲ್ಲ ಶ್ವಾಸಕೋಶ ಪೂರ್ತಿ ಅರಳಿದೆ. ಯಾವುದೆಂದು ತಿಳಿಯುವುದೇ ರಾತ್ರಿ ಪಾಳಿಯ ನರ್ಸಿನ ಪರೀಕ್ಷೆ. ಈಗ ಗಾಜು ಹೋಗಿ ಪ್ಲಾಸ್ಟಿಕ್ ಬಂದಿದೆ, ನಿಯಮ ಅದೇ. ಬಾಟ್ಲಿಯನ್ನು ಎದೆಯ ಮಟ್ಟಕ್ಕಿಂತ ಮೇಲೆ ಎತ್ತಬಾರದು. ಎಕ್ಸ್‌ರೇಗೆ ಕರೆದೊಯ್ಯುವಾಗ ಜತೆಗಿರುವವರು ಅಭಿಮಾನದಿಂದ ಅದನ್ನು ರೋಗಿಯ ಹೊಟ್ಟೆಯ ಮೇಲಿಡುವುದನ್ನು ಎಷ್ಟು ಸಲ ತಡೆದಿದ್ದೇನೋ! ಉಸಿರೆಳೆದು ಚೆಂಡು ಏರಿಸಲು ಕೊಡುವ ಮೂರು ಚೆಂಡಿನ ಆಟಿಕೆಯನ್ನು ಮಕ್ಕಳ ಆಟ ಎಂದು ಮೂಲೆಗಿಡಲೂ ಬೇಡಿ. ಶ್ವಾಸಕೋಶವನ್ನು ಮತ್ತೆ ಅರಳಿಸುವುದು ಅದೇ.

ಎಲ್ಲರಿಗೂ ಪೈಪು ಬೇಕೆಂದಲ್ಲ. ಶ್ವಾಸಕೋಶದ ಹೊರಗೆ, ಅದರ ಪೊರೆಯ ನಡುವೆ ಕೀವು ತುಂಬಿದ್ದರೆ ಅದನ್ನು ಹೊರಗೆ ತೆಗೆಯಲೇಬೇಕು, ಮದ್ದಿನಿಂದ ಮಾತ್ರ ಆರದು. ಶ್ವಾಸಕೋಶದ ಒಳಗಿನ ಕುರು ಹಾಗಲ್ಲ. ಅದಕ್ಕೆ ಶ್ವಾಸನಾಳದ ದಾರಿ ಇದೆ, ಕೆಮ್ಮಿ ಕೆಮ್ಮಿ ತಾನೇ ಬರಿದಾಗುತ್ತದೆ. ಸರಿಯಾದ ಆ್ಯಂಟಿಬಯೋಟಿಕ್ ನಾಲ್ಕಾರು ವಾರ ಬಿದ್ದರೆ ನೂರರಲ್ಲಿ ಎಂಬತ್ತರಿಂದ ತೊಂಬತ್ತು ಜನರಿಗೆ ಪೈಪಿನ ಅಗತ್ಯವೇ ಬಾರದು. ಹತ್ತು ಹದಿನಾಲ್ಕು ದಿನ ಕಳೆದರೂ ಜ್ವರ ಬಿಡದಿದ್ದರೆ, ಕುರು ದೊಡ್ಡದಿದ್ದರೆ, ದೊಡ್ಡ ಆಪರೇಷನ್ ತಾಳುವ ಶಕ್ತಿ ಮೈಯಲ್ಲಿಲ್ಲದಿದ್ದರೆ ಎದೆಗೋಡೆಯ ದಾರಿ ಹಿಡಿಯುತ್ತಾರೆ. ಅಪಾಯವೇ ಇಲ್ಲ ಎಂದು ಹೇಳಿದರೆ ಸುಳ್ಳಾದೀತು. ರಕ್ತ ಬರಬಹುದು, ಶ್ವಾಸಕೋಶದಿಂದ ಗಾಳಿ ಸೋರಬಹುದು, ಒಳಗಿನ ಕೀವು ಪೊರೆಗೆ ಹರಡಬಹುದು. ಅದಕ್ಕೇ ಕುರು ಎಲ್ಲಿ ಪೊರೆಗೆ ಅಂಟಿಕೊಂಡಿದೆಯೋ ಅಲ್ಲಿಂದಲೇ ಒಳಹೋಗಲು ನೋಡುತ್ತಾರೆ.

ಚುಚ್ಚಲೇಬಾರದ್ದೂ ಒಂದಿದೆ. ಉತ್ತರ ಕರ್ನಾಟಕದ ಕುರಿ ಸಾಕುವ ಊರಿನಿಂದ ಮಂಗಳೂರಿಗೆ ಬಂದಿದ್ದ ಹುಡುಗನೊಬ್ಬನ ಎಕ್ಸ್‌ರೇಯಲ್ಲೂ ದುಂಡಗಿನ ಮಸುಕೇ ಇತ್ತು. ಕೆಮ್ಮಿದಾಗ ಬಾಯಿಗೆ ಉಪ್ಪು ನೀರು ಬಂದ ಹಾಗಾಗುತ್ತದೆ ಎಂದು ಅವನು ಹೇಳಿದ ಒಂದೇ ಮಾತಿಗೆ ನಮ್ಮ ಹಿರಿಯ ಸರ್ಜನ್ ಸೂಜಿಯನ್ನು ಕೆಳಗಿಟ್ಟರು. ನಾಯಿಯ ಹೊಟ್ಟೆಯ ಲಾಡಿಹುಳುವಿನ ಮೊಟ್ಟೆಯಿಂದ ಬರುವ ಹೈಡಾಟಿಡ್ ಗುಳ್ಳೆ ಅದು. ಚುಚ್ಚಿದರೆ ಒಳಗಿನ ನೀರು ಚೆಲ್ಲಿ ಆ ಕ್ಷಣದಲ್ಲೇ ಅಲರ್ಜಿಯಿಂದ ಪ್ರಾಣ ಹೋಗಬಹುದು, ಉಳಿದರೆ ಎದೆತುಂಬ ಹೊಸ ಗುಳ್ಳೆ ಏಳಬಹುದು. ಅದಕ್ಕೆ ಸರ್ಜರಿಯೇ ದಾರಿ. ಒಳಗಿರುವುದು ಏನು ಎಂಬ ಪ್ರಶ್ನೆ ಸೂಜಿಗಿಂತ ಮೊದಲೂ ಬೇಕು, ಸೂಜಿಯ ನಂತರವೂ ಬೇಕು.

ಇದು ಹೊಸ ಬುದ್ಧಿಯೇನಲ್ಲ. ಸುಮಾರು 2,400 ವರ್ಷ ಹಿಂದೆ ಗ್ರೀಸಿನ ಹಿಪಾಕ್ರಟಿಸ್ ಪಂಥದ ವೈದ್ಯರು ರೋಗಿಯ ಭುಜ ಹಿಡಿದು ಅಲುಗಾಡಿಸಿ, ಎದೆಗೆ ಕಿವಿಯಿಟ್ಟು, ಯಾವ ಕಡೆ ಕುಲುಕುತ್ತದೆ ಎಂದು ಕೇಳುತ್ತಿದ್ದರು. ಅಲ್ಲಿ ಕೊಯ್ದೋ ಪಕ್ಕೆಲುಬನ್ನು ಕೊರೆದೋ ಕೀವನ್ನು ದಿನಕ್ಕಿಷ್ಟು ಎಂದು ಇಳಿಸುತ್ತಿದ್ದರು. ತವರದ ಕೊಳವೆಯನ್ನೂ ಬಳಸಿದ್ದರು. ಬಂದ ಕೀವು ಬೆಳ್ಳಗಿದೆಯೇ, ರಕ್ತ ಬೆರೆತಿದೆಯೇ, ನಾರುತ್ತಿದೆಯೇ ಎಂದು ನೋಡಿ ಬದುಕುವವನು ಯಾರು, ಸಾಯುವವನು ಯಾರು ಎಂದು ಅಂದಾಜು ಮಾಡುತ್ತಿದ್ದರು. ಮೈಕ್ರೋಸ್ಕೋಪು ಇಲ್ಲದ ಕಾಲದಲ್ಲೂ ಕೀವನ್ನು ಓದುತ್ತಿದ್ದರು ಎಂದಾಯಿತು.

ಕೊಳವೆಯ ತುದಿಯನ್ನು ನೀರಿನಲ್ಲಿ ಮುಳುಗಿಸಿ ಹೊರಗಿನ ಗಾಳಿ ಎದೆಗೆ ನುಗ್ಗದಂತೆ ಮಾಡುವ ಕ್ರಮವನ್ನು ರೂಢಿಗೆ ತಂದವರು 19ನೇ ಶತಮಾನದ ಕೊನೆಯಲ್ಲಿ ಹ್ಯಾಂಬರ್ಗಿನ ವೈದ್ಯ ಬ್ಯೂಲೌ. ಅದರ ಬೆಲೆ ಜಗತ್ತಿಗೆ ತಿಳಿದದ್ದು 1918ರ ಇನ್‌ಫ್ಲುಯೆಂಜಾ ಬಂದಾಗ. ಅಮೆರಿಕದ ಸೈನ್ಯದ ಶಿಬಿರಗಳಲ್ಲಿ ನ್ಯುಮೋನಿಯಾದ ಹಿಂದೆಯೇ ಸಾವಿರಾರು ಹುಡುಗರ ಎದೆಯಲ್ಲಿ ಕೀವು ತುಂಬಿತು. ಸರ್ಜನ್ನರು ಅವಸರದಲ್ಲಿ ಎದೆ ತೆರೆದರು. ನೂರರಲ್ಲಿ ಮೂವತ್ತರ ಆಸುಪಾಸಿನಲ್ಲಿ ಜನ ಸತ್ತರು, ಕೆಲವು ಶಿಬಿರಗಳಲ್ಲಿ ಇನ್ನೂ ಹೆಚ್ಚು. ಸರ್ಜನ್ ಇವಾರ್ಟ್ಸ್ ಗ್ರಹಾಂ ಇದ್ದ ಸೈನ್ಯದ ಆಯೋಗ ಕಾರಣ ಹುಡುಕಿತು. ಕೀವು ಇನ್ನೂ ತೆಳ್ಳಗಿದ್ದು ಪೊರೆಗಳು ಅಂಟಿಕೊಳ್ಳುವ ಮೊದಲೇ ಎದೆ ತೆರೆದರೆ ಗಾಳಿ ನುಗ್ಗಿ ಶ್ವಾಸಕೋಶ ಮುದುಡುತ್ತದೆ. ಮೊದಲು ಸೂಜಿಯಿಂದ ಎಳೆಯಿರಿ, ಆಮೇಲೆ ಗಾಳಿ ಹೊಗದ ಹಾಗೆ ಟ್ಯೂಬ್ ಹಾಕಿ ಎಂದಿತು ಆಯೋಗ. ಸಾವಿನ ಪ್ರಮಾಣ ನೂರಕ್ಕೆ ಐದರ ಹತ್ತಿರ ಬಂತು. ಪೆನಿಸಿಲಿನ್ ಹುಟ್ಟಲು ಇನ್ನೂ ಹತ್ತು ವರ್ಷ ಇತ್ತು ಎಂಬುದನ್ನು ನೆನಪಿಡಿ. ಯಾರಿಗೆ, ಯಾವಾಗ, ಹೇಗೆ ಎಂಬ ವಿಚಾರವೊಂದರಿಂದಲೇ ಅಷ್ಟು ಜೀವ ಉಳಿಯಿತು.

ಮರುವರ್ಷ, 1919ರ ಡಿಸೆಂಬರ್ 29ರಂದು, ಆಗಿನ ವೈದ್ಯಲೋಕದ ದೊಡ್ಡ ಗುರು ವಿಲಿಯಂ ಆಸ್ಲರ್ ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು. ನ್ಯುಮೋನಿಯಾ, ಅದರ ಮೇಲೆ ಎದೆಯಲ್ಲಿ ಕೀವು. ಅದನ್ನು ಹೊರಗೆ ತೆಗೆದರೂ ಫಲ ಸಿಗಲಿಲ್ಲ. ಸರಿಯಾಗಿ ನೂರು ವರ್ಷದ ಬಳಿಕ, 2019ರ ಡಿಸೆಂಬರ್ 29ರಂದು, ನಮ್ಮ ರಾಮಕುಂಜದಲ್ಲಿ 1931ರಲ್ಲಿ ಹುಟ್ಟಿದ ಪೇಜಾವರ ವಿಶ್ವೇಶತೀರ್ಥ ಸ್ವಾಮೀಜಿ ಉಡುಪಿಯ ಮಠದಲ್ಲಿ ಕಣ್ಮುಚ್ಚಿದರು. ಅವರನ್ನೂ ಮಣಿಪಾಲಕ್ಕೆ ಸೇರಿಸಿದ್ದು ನ್ಯುಮೋನಿಯಾಕ್ಕಾಗಿ. ಅವರದ್ದು ಕೀವಿನ ಕಥೆಯಲ್ಲ, 88ರ ವಯಸ್ಸಿನ ಕಥೆ. ದಿನಾಂಕ ಕೂಡಿ ಬಂದದ್ದು ಕಾಕತಾಳೀಯ. ಆದರೆ ಅವರು ಆಸ್ಪತ್ರೆಯಲ್ಲಿದ್ದ ಆ ಹತ್ತು ದಿನ ಊರಿನಲ್ಲಿ ಆಡುವ ಮಕ್ಕಳೂ ‘ನ್ಯುಮೋನಿಯಾ’, ‘ವೆಂಟಿಲೇಟರ್’ ಎಂದು ಮಾತಾಡಿಕೊಳ್ಳುವುದನ್ನು ಕೇಳಿದ್ದೇನೆ. ಶ್ವಾಸಕೋಶದ ಕಾಯಿಲೆ ಎಂದರೆ ಟಿಬಿ, ಅಸ್ತಮಾ ಎರಡೇ ಎಂದುಕೊಂಡಿದ್ದವರಿಗೆ ಮೂರನೆಯದರ ಹೆಸರು ಹಾಗೆ ಪರಿಚಯವಾಯಿತು. ನಾಲ್ಕನೆಯದರ ಹೆಸರನ್ನೂ ಕಲಿಯುವುದಕ್ಕೆ ಕಾಲ ಬಂದಿದೆ.

ಮೆಲಿಯಾಯ್ಡೋಸಿಸ್ ತರುವ ರೋಗಾಣು ಮಣ್ಣಿನಲ್ಲಿ, ಕೆಸರು ನೀರಿನಲ್ಲಿ ಬದುಕುವಂಥದ್ದು. ಮಳೆ ಬಿದ್ದಾಗ ಮೇಲಕ್ಕೆ ಬರುತ್ತದೆ. ಕಾಲಿನ ಗಾಯದಿಂದ, ಗಾಳಿಮಳೆಯಲ್ಲಿ ಉಸಿರಿನಿಂದ, ಕುಡಿಯುವ ನೀರಿನಿಂದ ಒಳಸೇರುತ್ತದೆ. ಸಕ್ಕರೆ ಕಾಯಿಲೆಯವರನ್ನು, ವಿಪರೀತ ಕುಡಿಯುವವರನ್ನು, ಕಿಡ್ನಿ ಸೋತವರನ್ನು ಹೆಚ್ಚು ಹಿಡಿಯುತ್ತದೆ. ಶ್ವಾಸಕೋಶದಲ್ಲಿ ಕುರು, ಯಕೃತ್ತಿನಲ್ಲಿ ಕುರು, ಗುಲ್ಮದಲ್ಲಿ ಕುರು, ಕೀಲಿನಲ್ಲಿ ಕೀವು, ಎಲ್ಲಿ ಬೇಕಾದರೂ ಕೂರುತ್ತದೆ, ಟಿಬಿಯ ಹಾಗೆಯೇ ನಟಿಸುತ್ತದೆ. 1911ರಲ್ಲಿ ರಂಗೂನಿನ ಶವಾಗಾರದಲ್ಲಿ ಇದನ್ನು ಮೊದಲು ಗುರುತಿಸಿದವರು ವೈದ್ಯಾಧಿಕಾರಿ ವ್ಹಿಟ್ಮೋರ್ ಮತ್ತು ಅವರ ಸಹಾಯಕ ಸಿ.ಎಸ್. ಕೃಷ್ಣಸ್ವಾಮಿ. ರೋಗಕ್ಕೆ ವ್ಹಿಟ್ಮೋರ್ ಹೆಸರು ಅಂಟಿತು, ಕೃಷ್ಣಸ್ವಾಮಿಯನ್ನು ಲೋಕ ಮರೆಯಿತು, ಇರಲಿ. 2016ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 1.65 ಲಕ್ಷ ಜನರಿಗೆ ಇದು ತಗಲುತ್ತದೆ, 89 ಸಾವಿರ ಜನ ಸಾಯುತ್ತಾರೆ. ತಗಲುವವರಲ್ಲಿ ನೂರಕ್ಕೆ 44 ಮಂದಿ ದಕ್ಷಿಣ ಏಷ್ಯಾದವರು. ಕರಾವಳಿ ಕರ್ನಾಟಕದಲ್ಲಿ ಇದು ಇದೆ ಎಂಬುದರಲ್ಲಿ ಸಂಶಯ ಉಳಿದಿಲ್ಲ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಸೂಕ್ಷ್ಮಜೀವಿ ತಜ್ಞರು ವರ್ಷಗಳಿಂದ ಇದನ್ನು ದಾಖಲಿಸುತ್ತ ಬಂದಿದ್ದಾರೆ. ಅವರ ರೋಗಿಗಳಲ್ಲಿ ಹೆಚ್ಚಿನವರು ಮಳೆಗಾಲದಲ್ಲಿ ಬಂದವರು, ಸಕ್ಕರೆ ಕಾಯಿಲೆ ಇದ್ದವರು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ, ಮನೆಗೊಬ್ಬರು ಸಕ್ಕರೆಯವರು ಇರುವ, ಬರಿಗಾಲಿನಲ್ಲಿ ತೋಟಕ್ಕೆ ಇಳಿಯುವ ಪುತ್ತೂರು, ಸುಳ್ಯ, ಕಡಬಕ್ಕೆ ಇದಕ್ಕಿಂತ ಸ್ಪಷ್ಟವಾದ ನೋಟಿಸು ಬೇಕೆ?

ಲ್ಯಾಬಿನಲ್ಲೂ ಇದು ಕಳ್ಳಾಟ ಆಡುತ್ತದೆ. ಬೆಳೆಯಲು ಎರಡು ಮೂರು ದಿನ, ಕೆಲವೊಮ್ಮೆ ಹೆಚ್ಚು ತೆಗೆದುಕೊಳ್ಳುತ್ತದೆ. ಅವಸರದವರು ಇದನ್ನು ‘ಯಾವುದೋ ಸ್ಯೂಡೊಮೊನಾಸ್, ಹೊರಗಿನಿಂದ ಸೇರಿದ ಕಸ’ ಎಂದು ಬದಿಗಿಡುತ್ತಾರೆ. ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎರಡು ತುದಿ ಮಾತ್ರ ಬಣ್ಣ ಹಿಡಿದು ಸೇಫ್ಟಿ ಪಿನ್ನಿನ ಹಾಗೆ ಕಾಣುತ್ತದೆ. ಜೆಂಟಾಮೈಸಿನ್ ಮತ್ತು ಕೊಲಿಸ್ಟಿನ್‌ಗೆ ಬಗ್ಗದೆ ಆಗ್ಮೆಂಟಿನ್ನಿಗೆ ಬಗ್ಗಿದರೆ ಅನುಮಾನ ಪಡಬೇಕು. ಇದಕ್ಕೆ ಕೋಟಿಯ ಯಂತ್ರ ಬೇಡ, ತಿಳಿದ ಕಣ್ಣು ಬೇಕು. ತಿಳಿದ ಕಣ್ಣಿಗೆ ಸುಳಿವೂ ಬೇಕು. ರೋಗಾಣುವನ್ನು ಹೀಗೆ ಬೆಳೆಸಿ ನೋಡುವ ಪರೀಕ್ಷೆಗೆ ಕಲ್ಚರ್ ಎನ್ನುತ್ತಾರೆ. ಫಾರ್ಮಿನಲ್ಲಿ ‘ಕೀವು, ಕಲ್ಚರ್’ ಎಂದಷ್ಟೇ ಗೀಚಿ ಕಳಿಸಬೇಡಿ. ‘ಸಕ್ಕರೆ ಕಾಯಿಲೆ, ತೋಟದ ಕೆಲಸ, ಮಳೆಗಾಲದ ಜ್ವರ’ ಎಂದು ಒಂದು ಸಾಲು ಬರೆದರೆ ಲ್ಯಾಬಿನವರು ತಟ್ಟೆಯನ್ನು ಬೇಗ ಎಸೆಯುವುದಿಲ್ಲ.

ಎಲ್ಲ ಕೀವೂ ಇದೇ ಎಂದು ಯಾರೂ ತಿಳಿಯಬಾರದು. ಕುಡಿದು ಅಂಗಾತ ಬಿದ್ದವನ, ಅಪಸ್ಮಾರದಲ್ಲಿ ಪ್ರಜ್ಞೆ ತಪ್ಪಿದವನ ಬಾಯಿಯ ಎಂಜಲು ಶ್ವಾಸನಾಳಕ್ಕೆ ಇಳಿದು ಆಗುವ ಕುರುವೇ ಎಲ್ಲಕ್ಕಿಂತ ಹಳೆಯ ಕಥೆ. ಹಲ್ಲು, ವಸಡು ಹಾಳಾದವರಿಗೆ ಅದು ಬೇಗ ಬರುತ್ತದೆ. ಎಲೆಯಡಕೆಯ ಊರಿನಲ್ಲಿ ವಸಡಿನ ವಿಷಯ ಹೆಚ್ಚು ಹೇಳಿದರೆ ನಮ್ಮವರಿಗೇ ಸಿಟ್ಟು ಬರುತ್ತದೆ. ಅದರ ಕೀವು ನಾಲ್ಕು ಮಂಚದಾಚೆಗೂ ನಾರುತ್ತದೆ. ಯಕೃತ್ತಿನ ಅಮೀಬಾ ಕುರು ಒಡೆದು ಎದೆಗೆ ಬಂದರೆ ಬರುವುದು ಚಾಕಲೇಟ್ ಬಣ್ಣದ ಕೀವು. 1986ರಿಂದ ಕ್ಯಾಂಪ್ಕೊ ಚಾಕಲೇಟ್ ಕಾರ್ಖಾನೆ ಕಂಡಿರುವ ಪುತ್ತೂರಿನವರಿಗೆ ಆ ಬಣ್ಣವನ್ನು ವಿವರಿಸಬೇಕಾಗಿಲ್ಲ. ಟಿಬಿಯೂ ಇದೆ, ಸಾಮಾನ್ಯ ನ್ಯುಮೋನಿಯಾದ ರೋಗಾಣುವೂ ಇದೆ. ಒಂದೊಂದಕ್ಕೆ ಒಂದೊಂದು ಮದ್ದು, ಒಂದೊಂದು ಅವಧಿ. ಕಣ್ಣಿಗೆ ಕಂಡ ಬಣ್ಣ, ಮೂಗಿಗೆ ಬಡಿದ ವಾಸನೆ ಅನುಮಾನವನ್ನು ಹುಟ್ಟಿಸಬಹುದು ಅಷ್ಟೇ.

ನಮ್ಮ ಊರಿನ ಡಾಕ್ಟರುಗಳ ಮಾತನ್ನೂ ಕೇಳಿದ್ದೇನೆ. ಜ್ವರದಲ್ಲಿ ಸುಡುತ್ತಿರುವವನ ಮುಂದೆ ಕೂತು ನಾಲ್ಕೈದು ದಿನದ ವರದಿಗೆ ಕಾಯಲಿಕ್ಕಾಗುತ್ತದೆಯೇ ಎನ್ನುತ್ತಾರೆ. ಕಾಯಬೇಕಾಗಿಲ್ಲ. ಮಾದರಿ ತೆಗೆದಿಟ್ಟು ಆ ಕ್ಷಣವೇ ಮದ್ದು ಶುರು ಮಾಡಿ, ವರದಿ ಬಂದ ದಿನ ತಿದ್ದಿಕೊಳ್ಳಿ. ಮದ್ದು ಬಿದ್ದ ಮೇಲೆ ತೆಗೆದ ಕೀವಿನಲ್ಲಿ ರೋಗಾಣು ಬೆಳೆಯುವುದು ಕಷ್ಟ. ಸೂಜಿ ಹಾಕಿದಾಗ ಬಂದ ಕೀವಿನಲ್ಲಿ ಕೆಲವು ಎಂಎಲ್‌ಅನ್ನು ಅಲ್ಲಿಯೇ, ಮಂಚದ ಪಕ್ಕದಲ್ಲೇ, ಬ್ಲಡ್ ಕಲ್ಚರ್ ಬಾಟ್ಲಿಗೆ ಹಾಕಿದರೆ ರೋಗಾಣು ಸಿಗುವ ಸಂಭವ ಹೆಚ್ಚು. ಇನ್ನು ಖರ್ಚು. ಪೈಪು ಹಾಕುವುದರ, ವಾರ್ಡಿನ, ಸಿಟಿಯ ಖರ್ಚಿನ ಎದುರು ಕಲ್ಚರಿನ ಖರ್ಚು ಲೆಕ್ಕಕ್ಕೇ ಬಾರದು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯ ತನಕದ ಚಿಕಿತ್ಸೆಗೆ ಅವಕಾಶ ಇಟ್ಟ ಸರಕಾರಕ್ಕೆ, ಆ ಚಿಕಿತ್ಸೆ ಸರಿಯಾದ ಕಾಯಿಲೆಗೆ ನಡೆಯುತ್ತಿದೆಯೇ ಎಂದು ನೋಡುವ ಆಸಕ್ತಿಯೂ ಇರಬೇಕು.

ಟಿಬಿಯ ಕಫಕ್ಕೆ ಈ ದೇಶದಲ್ಲಿ ದಾರಿ ಇದೆ. ಆಶಾ ಕಾರ್ಯಕರ್ತೆ ಬಂದು ಡಬ್ಬಿ ಕೊಡುತ್ತಾರೆ, ಫಾರ್ಮು ತುಂಬಿಸುತ್ತಾರೆ, ಪರೀಕ್ಷೆ ಉಚಿತ. ಬೆಂಗಳೂರಿನಲ್ಲಿ ರೂಪುಗೊಂಡ ಟ್ರೂನ್ಯಾಟ್ ಯಂತ್ರ ಗಂಟೆಗಳಲ್ಲಿ ಉತ್ತರ ಹೇಳುತ್ತದೆ. ದಶಕಗಳ ಹಠದಿಂದ ಕಟ್ಟಿದ ವ್ಯವಸ್ಥೆ ಅದು, ತಲೆಬಾಗುತ್ತೇನೆ. ಎದೆಯಿಂದ ತೆಗೆದ ಕೀವಿಗೆ ಅಂಥ ದಾರಿ ನನ್ನ ಕಣ್ಣಿಗೆ ಬಿದ್ದಿಲ್ಲ. ಟಿಬಿ ಇಲ್ಲ ಎಂದು ವರದಿ ಬಂದಲ್ಲಿಗೆ ವ್ಯವಸ್ಥೆಯ ಆಸಕ್ತಿ ಮುಗಿಯುತ್ತದೆ, ರೋಗಿಯ ಜ್ವರ ಮುಗಿಯುವುದಿಲ್ಲ. ಅದೇ ಡಬ್ಬಿ, ಅದೇ ವಾಹನ, ಅದೇ ದಿನಚರಿಯನ್ನು ಕೀವಿಗೂ ವಿಸ್ತರಿಸಲು ಎಷ್ಟು ದುಡ್ಡು ಬೇಕು? ತಾಲೂಕು ಆಸ್ಪತ್ರೆಯಿಂದ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಅಥವಾ ಯಾವುದಾದರೊಂದು ಮೆಡಿಕಲ್ ಕಾಲೇಜಿನ ಲ್ಯಾಬಿಗೆ ಜೂನ್‌ನಿಂದ ಅಕ್ಟೋಬರ್ ತನಕ ದಿನಕ್ಕೊಮ್ಮೆ ಒಂದು ಪೆಟ್ಟಿಗೆ ಹೋಗಲಿ. ಪುತ್ತೂರಿನಿಂದ ಐವತ್ತು ಚಿಲ್ಲರೆ ಕಿಲೋಮೀಟರ್. ಮಲ್ಲಿಗೆ ಅಟ್ಟೆ ದಿನಾ ಬಸ್ಸಿನಲ್ಲಿ ಹೋಗಿ ಮುಟ್ಟುವ ಜಿಲ್ಲೆ ಇದು.

ದೊಡ್ಡ ಆಸ್ಪತ್ರೆ ಕಟ್ಟಿ ಎಂದು ಕೇಳುವವರು ಬಹಳ ಜನ ಇದ್ದಾರೆ. ಹೊಸ ತಾಲೂಕಾದ ಕಡಬಕ್ಕೆ ಅದೂ ಬೇಕು, ನಾನು ಬೇಡ ಎನ್ನುವುದಿಲ್ಲ. ಆದರೆ ಕಟ್ಟಡ ಬಂದ ಮೇಲೂ ಕೀವು ಸಿಂಕಿಗೇ ಹೋಗುವುದಾದರೆ ನಮಗೆ ಸಿಗುವುದು ಹೊಸ ಸಿಂಕು ಮಾತ್ರ. ಜಿಲ್ಲಾ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ: ಎದೆಯಿಂದಾಗಲಿ, ಯಕೃತ್ತಿನಿಂದಾಗಲಿ, ಕೀಲಿನಿಂದಾಗಲಿ ತೆಗೆದ ಕೀವನ್ನು ಕಲ್ಚರಿಗೆ ಕಳಿಸದೆ ಚೆಲ್ಲುವಂತಿಲ್ಲ, ಕಳಿಸದಿದ್ದರೆ ಕಾರಣವನ್ನು ಫೈಲಿನಲ್ಲಿ ಬರೆಯಬೇಕು. ಮೆಲಿಯಾಯ್ಡೋಸಿಸ್ ಸಿಕ್ಕಿದರೆ ಡೆಂಗಿಯ ಹಾಗೆ, ಇಲಿಜ್ವರದ ಹಾಗೆ ಗ್ರಾಮವಾರು ಲೆಕ್ಕ ಇಡಬೇಕು. ಲೆಕ್ಕ ಇಟ್ಟರೆ ಯಾವ ಊರಿನ ತೋಡಿನ ಬದಿಯಲ್ಲಿ ಎಚ್ಚರ ಹೇಳಬೇಕೆಂದಾದರೂ ತಿಳಿಯುತ್ತದೆ.

ರೋಗಿಯ ಮನೆಯವರಿಗೆ ನನ್ನದು ಒಂದೇ ಮನವಿ. ಪೈಪು ಹಾಕುತ್ತೇವೆ ಎಂದರೆ ಹೆದರಿ ಮನೆಗೆ ಓಡಿಬರಬೇಡಿ, ಸಹಿ ಹಾಕಿ. ಹಾಕಿದ ಮೇಲೆ, "ಸಾರ್, ಕೀವು ಕಲ್ಚರಿಗೆ ಹೋಗಿದೆಯಾ? ವರದಿ ಯಾವತ್ತು ಬರ್ತದೆ?" ಎಂದು ಕೇಳಿ. ಇದನ್ನು ಕೇಳಿದರೆ ಒಳ್ಳೆಯ ಡಾಕ್ಟರು ಸಿಟ್ಟಾಗುವುದಿಲ್ಲ. ಬಂದ ವರದಿಯ ಪ್ರತಿಯನ್ನು ಆಧಾರ್ ಕಾರ್ಡಿನ ಜತೆಗೇ ಇಟ್ಟುಕೊಳ್ಳಿ. ಅದರಲ್ಲಿ ಮೆಲಿಯಾಯ್ಡೋಸಿಸ್ ಎಂದಿದ್ದರೆ ಚುಚ್ಚುಮದ್ದು ಮುಗಿದು ಮನೆಗೆ ಬಂದ ಮೇಲೂ ಮಾತ್ರೆ ಕನಿಷ್ಠ ಮೂರು ತಿಂಗಳು ನಡೆಯಬೇಕು. ಆರಾಮಾಯಿತೆಂದು ನಡುವೆ ನಿಲ್ಲಿಸಿದವರಲ್ಲಿ ಅದು ಮರಳಿ ಬರುತ್ತದೆ.